ತಂಗಿಗೆ ಅಮೆರಿಕದಲ್ಲಿ ಪ್ರೀ-ಮೆಡ್ ಪೋಸ್ಟ್-ಬ್ಯಾಕ್ ಸೀಟು ಸಿಕ್ಕಿದೆ, 40 ಲಕ್ಷ ಹಾಕಬಹುದಾ?

ಗುಬ್ಬಿ_ತೋಟ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆ ಗುಬ್ಬಿ ಕಡೆಯವನು. ತಂಗಿಯ ಓದಿನ ವಿಷಯಕ್ಕೆ ಸಲಹೆ ಬೇಕಿತ್ತು. ಇಲ್ಲಿ ಯಾರನ್ನು ಕೇಳಿದರೂ ಎಂಬಿಬಿಎಸ್ ಲೆಕ್ಕದಲ್ಲೇ ಉತ್ತರ ಕೊಡುತ್ತಾರೆ, ಅಮೆರಿಕದ ಪದ್ಧತಿ, ಅಂದರೆ ಒಂದು ಡಿಗ್ರಿ ಆದ ಮೇಲೆ ಮೆಡಿಕಲ್ ಓದೋದು, ಬೇರೆಯೇ ಇದೆ ಅಲ್ವಾ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ತಂಗಿಗೆ ಈಗ 29. ತುಮಕೂರಿನಲ್ಲೇ ಬಿ.ಎಸ್ಸಿ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ) ಮಾಡಿದಳು, 3 ವರ್ಷದ ಕೋರ್ಸು, ಫಸ್ಟ್ ಕ್ಲಾಸ್. ಪಿಯುಸಿ ಆದಾಗ ಸಿಇಟಿಯಲ್ಲಿ ಸರ್ಕಾರಿ ಸೀಟಿಗೆ ಸಾಕಾಗುವ ರ‍್ಯಾಂಕ್ ಬರಲಿಲ್ಲ, ಪೇಮೆಂಟ್ ಸೀಟಿಗೆ ಕೈಯಲ್ಲಿ ದುಡ್ಡಿರಲಿಲ್ಲ, ಅಲ್ಲಿಗೆ ಡಾಕ್ಟರ್ ಮಾತು ನಿಂತುಹೋಯಿತು. ಮದುವೆಯಾಗಿ ಡಲ್ಲಾಸ್‌ಗೆ ಹೋದಳು. ಗಂಡ ಅಲ್ಲಿನ ಸಿಟಿಜನ್, ಇವಳಿಗೂ ಗ್ರೀನ್ ಕಾರ್ಡ್ ಬಂದಿದೆ. 4 ವರ್ಷದ ಮಗಳಿದ್ದಾಳೆ. ಅಲ್ಲೇ ಒಂದು ಆಸ್ಪತ್ರೆಯಲ್ಲಿ ರೋಗಿಗಳ ರಕ್ತ ತೆಗೆಯುವ ಕೆಲಸ ಮಾಡುತ್ತಾಳೆ. "ನೇರಳೆ ಮುಚ್ಚಳದ ಟ್ಯೂಬು ರಕ್ತಕಣ ಎಣಿಸೋ ಸಿಬಿಸಿ ಟೆಸ್ಟಿಗೆ ಅಂತ ತುಂಬಿಸಿ, ಅಲ್ಲಾಡಿಸಿ, ಹೆಸರು ಅಂಟಿಸಿ ಕಳಿಸ್ತೀನಿ, ಆಮೇಲೆ ಆ ಮನುಷ್ಯನಿಗೆ ಏನಾಯ್ತು ಅಂತ ನನಗೆ ಯಾರೂ ಹೇಳಲ್ಲ ಅಣ್ಣ" ಅಂತ ಫೋನಿನಲ್ಲಿ ಹೇಳಿದಳು. ಡಾಕ್ಟರ್ ಆಗಬೇಕು ಅನ್ನೋದು ಅವಳಿಗೆ ಮತ್ತೆ ಶುರುವಾಗಿದೆ, ಈ ಸಲ ಸುಮ್ನೆ ಆಸೆ ಅಲ್ಲ.

ಈಗ ವಿಷಯ. ಪೂರ್ವದ ಕಡೆ ಒಂದು ಕಾಲೇಜಿನಲ್ಲಿ ಪೋಸ್ಟ್-ಬ್ಯಾಕ್ ಅಂತ, ಡಿಗ್ರಿ ಆದವರು ಮೆಡಿಕಲ್ ಅರ್ಜಿಗೆ ತಯಾರಾಗುವ 1 ವರ್ಷದ ಪ್ರೋಗ್ರಾಂಗೆ ಸೀಟು ಸಿಕ್ಕಿದೆ. ಫೀಸು, ಅಲ್ಲಿನ ವಸತಿ ಎಲ್ಲ ಸೇರಿ 45,000 ಡಾಲರ್, ನಮ್ಮ ಲೆಕ್ಕದಲ್ಲಿ 40 ಲಕ್ಷ ರೂಪಾಯಿ. ನಿಮ್ಮ ಬಿ.ಎಸ್ಸಿಯಲ್ಲಿ ಸೈನ್ಸ್ ಇದೆ, 1 ವರ್ಷ ಮಾಡಿದರೆ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಬಹುದು ಅಂತ ಅಲ್ಲಿಯವರು ಹೇಳಿದ್ದಾರಂತೆ. ಕೆಲವು ಮೆಡಿಕಲ್ ಕಾಲೇಜುಗಳ ಜೊತೆ ಲಿಂಕೇಜ್, ಅಂದರೆ ಇಲ್ಲಿ ಓದಿದವರನ್ನು ಬೇಗ ಪರಿಗಣಿಸುವ ಒಪ್ಪಂದ, ಇದೆ ಅಂತಲೂ ಹೇಳಿದ್ದಾರೆ. ತಿಂಗಳ ಕೊನೆಯೊಳಗೆ ಡೆಪಾಸಿಟ್ ಕಟ್ಟಬೇಕು.

ತಂಗಿ ನಮ್ಮನ್ನು ದುಡ್ಡು ಕೇಳಿಲ್ಲ. ಅಪ್ಪನೇ ಹಟ ಹಿಡಿದಿದ್ದಾರೆ. ಆವತ್ತು ನನ್ನ ಕೈಯಲ್ಲಿ ಆಗಲಿಲ್ಲ, ಈಗಲಾದರೂ ಓದಿಸುತ್ತೇನೆ, ತೋಟದ ಮೇಲೆ ಸಾಲ ತೆಗೆಯೋಣ ಅನ್ನುತ್ತಾರೆ. ತೆಂಗು, ಅಡಿಕೆ ಸೇರಿ 3 ಎಕರೆ, ಇರೋದು ಅಷ್ಟೇ. ತಂಗಿ ಓದಬಾರದು ಅಂತ ನನಗೆ ಇಲ್ಲವೇ ಇಲ್ಲ. ಈ ಪ್ರೋಗ್ರಾಂ ಆ ದುಡ್ಡಿಗೆ ತಕ್ಕದ್ದಾ ಅನ್ನೋದಷ್ಟೇ ಪ್ರಶ್ನೆ.

ಮುಳಬಾಗಿಲು_ಮಗಳು

ಅಣ್ಣ, ಡೆಪಾಸಿಟ್ ಕಟ್ಟುವುದನ್ನು ಮೊದಲು ನಿಲ್ಲಿಸಿ. ನಾನು ಕೋಲಾರ ಜಿಲ್ಲೆಯವಳು, ಬೆಂಗಳೂರಿನಲ್ಲಿ ಬಿ.ಇ. ಮಾಡಿ ಇಲ್ಲಿಗೆ ಬಂದವಳು, ಈಗ ಟೆಕ್ಸಾಸ್‌ನಲ್ಲೇ ಎಂ.ಡಿ. (ನಮ್ಮ ಎಂಬಿಬಿಎಸ್‌ಗೆ ಸಮನಾದ ಇಲ್ಲಿನ ಡಾಕ್ಟರ್ ಡಿಗ್ರಿ) 2ನೇ ವರ್ಷದಲ್ಲಿ ಇದ್ದೇನೆ. ನಿಮ್ಮ ತಂಗಿಯ ದಾರಿಯಲ್ಲೇ ನಡೆದು ಬಂದಿರೋದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಪೋಸ್ಟ್-ಬ್ಯಾಕ್ ಅಂದರೆ ಡಿಗ್ರಿ ಆದ ಮೇಲೆ, ಮೆಡಿಕಲ್ ಕಾಲೇಜುಗಳು ಕೇಳುವ ವಿಷಯಗಳನ್ನು ಓದಿಕೊಳ್ಳೋದು. ಲ್ಯಾಬ್ ಸಮೇತ ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಅದರ ಮೇಲೆ ಬಯೋಕೆಮಿಸ್ಟ್ರಿ, ಸ್ಟಾಟಿಸ್ಟಿಕ್ಸ್, ಇಂಗ್ಲಿಷ್ ಹೀಗೆ. ಇದರಲ್ಲಿ ಎರಡು ಜಾತಿ ಇವೆ. ಒಂದು, ಸೈನ್ಸ್ ಓದದೇ ಇರುವವರಿಗೆ, ಕಾಮರ್ಸು, ಇತಿಹಾಸ ಓದಿ ಆಮೇಲೆ ಮನಸ್ಸು ಬದಲಾಯಿಸಿದವರಿಗೆ. ಬ್ರಿನ್ ಮಾರ್, ಗೌಚರ್, ಸ್ಕ್ರಿಪ್ಸ್, ಕೊಲಂಬಿಯಾ ಇವೆಲ್ಲ ಆ ಸಾಲಿನಲ್ಲಿ ಹೆಸರು ಮಾಡಿದವು. ಇನ್ನೊಂದು, ಅಮೆರಿಕದಲ್ಲೇ ಸೈನ್ಸ್ ಓದಿ ಮಾರ್ಕ್ಸ್ ಕಡಿಮೆ ಬಂದವರಿಗೆ, ಅವರ ಜಿಪಿಎ, ಅಂದರೆ 4ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡು, ಮೇಲಕ್ಕೆ ತರೋದಕ್ಕೆ. ನಿಮ್ಮ ತಂಗಿಗೆ ಸಿಕ್ಕಿರೋದು ಈ ಎರಡನೇದು ಅನ್ನಿಸುತ್ತೆ, "ಸೈನ್ಸ್ ಇದೆ, 1 ವರ್ಷ ಸಾಕು" ಅಂದಿದ್ದಾರೆ ಅಂದರೆ.

ತೊಂದರೆ ಇರೋದು ಇಲ್ಲೇ. ಎಂ.ಡಿ. ಕಾಲೇಜುಗಳ ಅರ್ಜಿಯೆಲ್ಲ ಹೆಚ್ಚಾಗಿ ಆಮ್ಕಾಸ್ ಅನ್ನುವ ಒಂದೇ ವ್ಯವಸ್ಥೆಯ ಮೂಲಕ ಹೋಗುತ್ತೆ. ಅವರು ಭಾರತದ ಕಾಲೇಜಿನ ಮಾರ್ಕ್ಸ್ ಕಾರ್ಡನ್ನು ಪರಿಶೀಲಿಸೋದೂ ಇಲ್ಲ, ಜಿಪಿಎ ಲೆಕ್ಕಕ್ಕೆ ಹಿಡಿಯೋದೂ ಇಲ್ಲ. ಅಂದರೆ ನಿಮ್ಮ ತಂಗಿಗೆ ಅಲ್ಲಿ ಜಿಪಿಎ ಅನ್ನೋದೇ ಇಲ್ಲ. ಇಲ್ಲದ ಜಿಪಿಎಯನ್ನು ಮೇಲಕ್ಕೆ ತರೋಕೆ 45,000 ಡಾಲರ್ ಯಾಕೆ ಕೊಡಬೇಕು? 1 ವರ್ಷದಲ್ಲಿ ಮಾಡುವ 30 ಚಿಲ್ಲರೆ ಕ್ರೆಡಿಟ್ಟೇ (ಕ್ಲಾಸಿನ ಗಂಟೆ ಲೆಕ್ಕದಲ್ಲಿ ಓದನ್ನು ಅಳೆಯೋದು) ಅವಳ ಪೂರ್ತಿ ದಾಖಲೆ ಆಗುತ್ತೆ, ಅಷ್ಟು ಬಹಳ ಕಾಲೇಜುಗಳಿಗೆ ಸಾಲದು.

ಎಷ್ಟು ಬೇಕು ಅಂದರೆ, ಒಂದೊಂದು ಕಾಲೇಜು ಒಂದೊಂದು ಹೇಳುತ್ತೆ. ಕೆಲವಕ್ಕೆ ಅಮೆರಿಕದ ಬ್ಯಾಚುಲರ್ ಡಿಗ್ರಿಯೇ ಆಗಬೇಕು. ಟೆಕ್ಸಾಸ್‌ನ ಸರ್ಕಾರಿ ಮೆಡಿಕಲ್ ಕಾಲೇಜುಗಳಿಗೆ ಟಿಎಂಡಿಸಾಸ್ ಅಂತ ಬೇರೆ ಅರ್ಜಿ ಇದೆ, ಅಲ್ಲಿ ಅಮೆರಿಕ ಅಥವಾ ಕೆನಡಾದ ಕಾಲೇಜಿನ 90 ಕ್ರೆಡಿಟ್ ಕೇಳುತ್ತಾರೆ. ಸೆಮಿಸ್ಟರಿಗೆ 15ರಂತೆ ಓದಿದರೂ 90 ಅಂದರೆ 3 ವರ್ಷ ಆಯ್ತು. ನಾನು ಇದಕ್ಕೇ ಪೋಸ್ಟ್-ಬ್ಯಾಕ್ ಬಿಟ್ಟು ಇಲ್ಲಿನ ಸ್ಟೇಟ್ ಯೂನಿವರ್ಸಿಟಿಯಲ್ಲಿ ಬಯಾಲಜಿಯಲ್ಲಿ ಎರಡನೇ ಬ್ಯಾಚುಲರ್ ಮಾಡಿದೆ, ಶುರುವಿನ ಕ್ಲಾಸುಗಳನ್ನು ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಕಡಿಮೆ ಫೀಸಿನ 2 ವರ್ಷದ ಸ್ಥಳೀಯ ಸರ್ಕಾರಿ ಕಾಲೇಜಿನಲ್ಲಿ, ಮುಗಿಸಿಕೊಂಡು.

ಆ ಕಮ್ಯುನಿಟಿ ಕಾಲೇಜನ್ನು ಕೀಳಾಗಿ ನೋಡಬೇಡಿ. ಸ್ಥಳೀಯರಿಗೆ ಕ್ರೆಡಿಟ್‌ಗೆ ನೂರು ಡಾಲರ್ ಆಸುಪಾಸಿನಲ್ಲಿ ಮುಗಿಯುತ್ತೆ. ಸಂಜೆ ಕ್ಲಾಸು ಸಿಗುತ್ತವೆ, ಕೆಲಸ ಬಿಡಬೇಕಿಲ್ಲ, ಮಗುವನ್ನು ಬಿಟ್ಟು ಬೇರೆ ರಾಜ್ಯಕ್ಕೆ ಹೋಗಬೇಕಿಲ್ಲ. ಆದರೆ ಎಲ್ಲವನ್ನೂ ಅಲ್ಲೇ ಮಾಡಬಾರದು. ಆರ್ಗ್ಯಾನಿಕ್, ಬಯೋಕೆಮಿಸ್ಟ್ರಿ ಮತ್ತು ಮೇಲಿನ ಹಂತದ ಬಯಾಲಜಿ ಯೂನಿವರ್ಸಿಟಿಯಲ್ಲಿ ಇದ್ದರೆ ಕಾಲೇಜುಗಳು ಜಾಸ್ತಿ ನಂಬುತ್ತವೆ.

ಅಲ್ಲಿನ ಓದು ನಮ್ಮ ಥರ ಅಲ್ಲ, ಇದನ್ನು ತಂಗಿಗೆ ಮೊದಲೇ ಹೇಳಿ. ನಮ್ಮಲ್ಲಿ ವರ್ಷದ ಕೊನೆಗೆ ಓದಿ ಫಸ್ಟ್ ಕ್ಲಾಸ್ ತೆಗೆಯಬಹುದು. ಇಲ್ಲಿ ಪ್ರತಿ ವಾರ ಕ್ವಿಜ್, ಲ್ಯಾಬ್ ರಿಪೋರ್ಟ್, ಹೋಂವರ್ಕ್, ಎಲ್ಲಕ್ಕೂ ಮಾರ್ಕ್ಸ್. ಆರ್ಗ್ಯಾನಿಕ್ ಲ್ಯಾಬಿನಲ್ಲಿ ಹರಳು ಕಟ್ಟಿಸಿ, ತೊಳೆದು, ಒಣಗಿಸಿ, ಸಣ್ಣ ಗಾಜಿನ ಕೊಳವೆಗೆ ತುಂಬಿಸಿ ಅದು ಎಷ್ಟು ಡಿಗ್ರಿಗೆ ಕರಗುತ್ತೆ ಅಂತ ನೋಡಬೇಕು. ಎರಡು ಡಿಗ್ರಿ ಕೆಳಗೆ ಬಂದರೆ ಎಲ್ಲಿ ಕಲ್ಮಷ ಉಳಿಯಿತು ಅಂತ ರಿಪೋರ್ಟಿನಲ್ಲಿ ವಿವರಿಸಬೇಕು, ಅದಕ್ಕೇ ಮಾರ್ಕ್ಸು. ಮೇಷ್ಟ್ರ ಹತ್ತಿರ ಆಫೀಸ್ ಅವರ್ಸಿಗೆ ಹೋಗಿ ಕೂತು ಕೇಳಬೇಕು. ಮುಂದೆ ಶಿಫಾರಸು ಪತ್ರ ಬರೆಯೋರು ಅವರೇ.

ಕೋಲಾರದ_ಡಾಕ್ಟ್ರು

ನಾನು ಕೋಲಾರದಲ್ಲಿ ಪಾಠ ಮಾಡುವ ವೈದ್ಯ. "ಇಷ್ಟೆಲ್ಲ ಯಾಕೆ, ವಾಪಸ್ ಬಂದು ಇಲ್ಲೇ ಎಂಬಿಬಿಎಸ್ ಮಾಡಲಿ" ಅಂತ ಯಾರಾದರೂ ನಿಮ್ಮ ತಂದೆಗೆ ಹೇಳೇ ಹೇಳುತ್ತಾರೆ. ಅದಕ್ಕೆ ಮೊದಲೇ ಆ ಲೆಕ್ಕವನ್ನೂ ನೋಡಿಬಿಡಿ.

ನೀಟ್ ಬರೆಯೋಕೆ ಈಗ ವಯಸ್ಸಿನ ಮೇಲ್ಮಿತಿ ಇಲ್ಲ, 2022ರಲ್ಲಿ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಅದನ್ನು ತೆಗೆದುಹಾಕಿತು. ಪಿಯುಸಿಯಲ್ಲಿ ಪಿಸಿಬಿ (ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ) ಇದ್ದರೆ 29ಕ್ಕೂ ಬರೆಯಬಹುದು. ಆದರೆ ನಮ್ಮಲ್ಲಿ ಡಿಗ್ರಿ ಮಾಡಿದವರಿಗೆ ಅಂತ ಬೇರೆ ಬಾಗಿಲು ಇಲ್ಲ. ಬಿ.ಎಸ್ಸಿಗೆ ಒಂದು ಅಂಕದ ಬೆಲೆಯೂ ಇಲ್ಲ. 720 ಅಂಕದ ಆ ಒಂದು ಪರೀಕ್ಷೆಯಲ್ಲಿ 18ರ ಹುಡುಗರ ಜೊತೆ ಸಮ ಸಮ ಕೂರಬೇಕು. ಸೀಟು ಸಿಕ್ಕರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ಅಮೆರಿಕಕ್ಕೆ ವಾಪಸ್ ಹೋಗಬೇಕಾದರೆ ಯುಎಸ್‌ಎಂಎಲ್‌ಇ ಅನ್ನುವ ಲೈಸೆನ್ಸ್ ಪರೀಕ್ಷೆ, ಹೊರದೇಶದಲ್ಲಿ ಓದಿದ ಡಾಕ್ಟರುಗಳಿಗೆ ಕೊಡುವ ಇಸಿಎಫ್‌ಎಂಜಿ ಪ್ರಮಾಣಪತ್ರ, ಅದಾದ ಮೇಲೆ ರೆಸಿಡೆನ್ಸಿಯ, ಅಂದರೆ ಆಸ್ಪತ್ರೆ ತರಬೇತಿಯ, ಸೀಟು ಹಂಚುವ ಮ್ಯಾಚ್. ಆ ಮ್ಯಾಚ್‌ನಲ್ಲಿ ಅಮೆರಿಕದ ಎಂ.ಡಿ. ವಿದ್ಯಾರ್ಥಿಗಳಿಗೆ ಶೇ. 93ರಷ್ಟು ಸಿಕ್ಕರೆ, ಹೊರದೇಶದಲ್ಲಿ ಓದಿದ ಹೊರದೇಶದವರಿಗೆ ಶೇ. 58ರ ಆಸುಪಾಸು. ಜೊತೆಗೆ ಗ್ರೀನ್ ಕಾರ್ಡ್ ಇಟ್ಟುಕೊಂಡು ವರ್ಷಕ್ಕಿಂತ ಜಾಸ್ತಿ ಹೊರಗೆ ಇದ್ದರೆ ಅದೇ ಕೈ ತಪ್ಪಬಹುದು, ರೀ-ಎಂಟ್ರಿ ಪರ್ಮಿಟ್ ತೆಗೆದುಕೊಂಡರೂ 2 ವರ್ಷ. ಸಂಸಾರ ಅಲ್ಲಿ, ಓದು ಇಲ್ಲಿ. ನಿಮ್ಮ ತಂಗಿಗೆ ಈ ದಾರಿ ಬೇಡ.

ಇನ್ನೊಂದು ಮಾತು. ರಕ್ತ ತೆಗೆದವರಿಗೆ ರೋಗಿಯ ಕಥೆ ಗೊತ್ತಾಗಲ್ಲ ಅಂತ ಅವರಿಗೆ ಕಾಡುತ್ತಿದೆ ಅಂದಿರಲ್ಲ, ನನಗೆ ಅದು ಒಳ್ಳೆಯ ಕಾರಣ ಅನ್ನಿಸಿತು. ಆದರೂ ಒಬ್ಬ ಡಾಕ್ಟರ ಹಿಂದೆ ಕೆಲವು ವಾರ ನಿಂತು ನೋಡಲಿ. ಶ್ಯಾಡೋಯಿಂಗ್ ಅಂತ ಅಲ್ಲಿ ಅದಕ್ಕೆ ವ್ಯವಸ್ಥೆ ಇದೆ, ಅರ್ಜಿಯಲ್ಲೂ ಬರೆಯಬೇಕಾಗುತ್ತೆ. ರೋಗಿ ಹೇಳಿದ್ದನ್ನು ಕೇಳೋದು, ಕಂಪ್ಯೂಟರಿಗೆ ಬರೆಯೋದು, ಇನ್ಶೂರೆನ್ಸ್‌ನವರ ಜೊತೆ ಮಾತಾಡೋದು, ಕೆಟ್ಟ ಸುದ್ದಿಯನ್ನು ಮನೆಯವರಿಗೆ ಕೂರಿಸಿ ಹೇಳೋದು, ದಿನದ ಬಹುಪಾಲು ಇದೇ. ಅದನ್ನು ನೋಡಿದ ಮೇಲೂ ಬೇಕು ಅನ್ನಿಸಿದರೆ ಯಾರೂ ತಡೆಯಬೇಡಿ.

ಚಿಂತಾಮಣಿ_ಸಿಸ್ಟರ್

ಡಾಕ್ಟ್ರು ಹೇಳಿದ್ದು ಸರಿ, ಆದರೆ ನೋಡಬೇಕಾದದ್ದು ಡಾಕ್ಟರ್ ಒಬ್ಬರನ್ನೇ ಅಲ್ಲ. ನಾನು ಚಿಂತಾಮಣಿಯವಳು, ಹೂಸ್ಟನ್‌ನಲ್ಲಿ ಐಸಿಯು ನರ್ಸ್. ರೋಗಿಯ ಪಕ್ಕದಲ್ಲಿ 12 ಗಂಟೆ ಇರೋದು ನಾವು. ಆ ಮನುಷ್ಯನಿಗೆ ಮುಂದೆ ಏನಾಯ್ತು ಅಂತ ತಿಳಿಯಬೇಕು ಅನ್ನೋದೇ ಆಸೆಯಾದರೆ ಅದು ಇಲ್ಲಿ ಪೂರ್ತಿ ಸಿಗುತ್ತೆ. ಬೇರೆ ಡಿಗ್ರಿ ಇರುವವರಿಗೆ ಆಕ್ಸಲರೇಟೆಡ್ ಬಿಎಸ್‌ಎನ್ ಅಂತ ಬೇಗ ಮುಗಿಯುವ ನರ್ಸಿಂಗ್ ಡಿಗ್ರಿ ಇದೆ, 12ರಿಂದ 18 ತಿಂಗಳು. ಪಿಎ ಅಂದರೆ ಫಿಸಿಷಿಯನ್ ಅಸಿಸ್ಟೆಂಟ್ ಕೋರ್ಸು ಸುಮಾರು 27 ತಿಂಗಳು. ಪಿಎ ರೋಗಿಯನ್ನು ಪರೀಕ್ಷೆ ಮಾಡುತ್ತಾರೆ, ಔಷಧಿ ಬರೆಯುತ್ತಾರೆ. ಇವಕ್ಕೂ ಮೊದಲು ಕೆಲವು ವಿಷಯ ಓದಿರಬೇಕು, ನಮ್ಮ 3 ವರ್ಷದ ಬಿ.ಎಸ್ಸಿಯನ್ನು ಪೂರ್ತಿ ಬ್ಯಾಚುಲರ್ ಅಂತ ಎಲ್ಲರೂ ಒಪ್ಪಲ್ಲ, ವಿಚಾರಿಸಬೇಕು.

ಡಾಕ್ಟರ್ ಆಗಲ್ಲ ಅನ್ನೋರಿಗೆ ಇದು ಅಂತ ನಾನು ಹೇಳುತ್ತಿಲ್ಲ. ಹಾಗೆ ಅಂದುಕೊಂಡು ಬಂದವರು ಈ ಕೆಲಸದಲ್ಲಿ ನಿಲ್ಲಲ್ಲ. ಕೊನೆಯ ತೀರ್ಮಾನ, ಅದರ ಹೊಣೆ ಎರಡೂ ನನ್ನದೇ ಆಗಬೇಕು ಅಂತ ಅವಳಿಗೆ ಇದೆಯಾ ಅಂತ ಕೇಳಿ. ಇದ್ದರೆ ಮೆಡಿಕಲ್ಲೇ ಸರಿ.

ಮಧುಗಿರಿ_ಮೊಮ್ಮಗ

ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ, ಯಾಕೆಂದರೆ ದುಡ್ಡು ಕೊಟ್ಟು ಫಾರ್ಮಲ್ ಪೋಸ್ಟ್-ಬ್ಯಾಕ್ ಮಾಡಿದವನು ನಾನು. ಅಜ್ಜಿ ಮನೆ ಮಧುಗಿರಿ, ನಾನು ಬೆಳೆದದ್ದು ಓದಿದ್ದು ಎಲ್ಲ ಅಮೆರಿಕದಲ್ಲಿ. ಎಕನಾಮಿಕ್ಸ್ ಡಿಗ್ರಿ, ಜಿಪಿಎ ಚೆನ್ನಾಗಿತ್ತು, ಸೈನ್ಸ್ ಮಾತ್ರ ಸೊನ್ನೆ. ನನಗೆ ಅದು ಪೂರ್ತಿ ಉಪಯೋಗಕ್ಕೆ ಬಂತು. ಎಲ್ಲ ವಿಷಯ ಸಾಲಾಗಿ ಜೋಡಿಸಿಕೊಟ್ಟರು, ಕ್ಲಾಸಿನಲ್ಲಿ ಸೀಟು ಸಿಗದೆ ಅಲೆಯೋದು ತಪ್ಪಿತು, ಕಾಲೇಜಿನ ಕಮಿಟಿಯೇ ಸೇರಿ ಶಿಫಾರಸು ಪತ್ರ ಕೊಟ್ಟಿತು. ಲಿಂಕೇಜ್‌ನಿಂದ ಒಂದು ವರ್ಷ ಉಳಿಯಿತು. ಲಿಂಕೇಜ್ ಇಲ್ಲದಿದ್ದರೆ ಓದು ಮುಗಿದ ಮೇಲೆ ಬೇಸಿಗೆಯಲ್ಲಿ ಅರ್ಜಿ, ಚಳಿಗಾಲದವರೆಗೂ ಸಂದರ್ಶನ, ಮುಂದಿನ ವರ್ಷ ಆಗಸ್ಟಿಗೆ ಕ್ಲಾಸು, ಹಾಗೆ ಮಧ್ಯೆ ಒಂದು ವರ್ಷ ಹೋಗುತ್ತೆ. ಈಗ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಯಲ್ಲಿ ಇದ್ದೇನೆ.

ಆದರೆ ಲಿಂಕೇಜ್ ಅಂದರೆ ಸೀಟು ಗ್ಯಾರಂಟಿ ಅಲ್ಲ. ಇಷ್ಟು ಜಿಪಿಎ, ಸಾಮಾನ್ಯವಾಗಿ ಎಂಕ್ಯಾಟ್ ಅನ್ನುವ ಮೆಡಿಕಲ್ ಪ್ರವೇಶ ಪರೀಕ್ಷೆಯಲ್ಲಿ ಇಷ್ಟು ಅಂಕ ಅಂತ ಷರತ್ತು ಇರುತ್ತೆ, ಸಂದರ್ಶನವೂ ಇರುತ್ತೆ. ಹೊರದೇಶದ ಡಿಗ್ರಿ ಬಗ್ಗೆ ಆ ಮೆಡಿಕಲ್ ಕಾಲೇಜಿನ ನಿಯಮ ಏನಿದೆಯೋ ಅದು ಲಿಂಕೇಜ್ ಇದ್ದರೂ ಬದಲಾಗಲ್ಲ. ಮುಳಬಾಗಿಲು ಅಕ್ಕ ಹೇಳಿದ ಹಾಗೆ ನನ್ನ ಫೈಲಿನಲ್ಲಿ ಏನು ಇರಲಿಲ್ಲವೋ ಅದನ್ನು ಆ ಪ್ರೋಗ್ರಾಂ ತುಂಬಿತು. ನಿಮ್ಮ ತಂಗಿಯ ಫೈಲಿನಲ್ಲಿ ಇಲ್ಲದ್ದು ಬೇರೆ.

ಎಂಕ್ಯಾಟ್ ಬಗ್ಗೆ ಯಾರೂ ಹೇಳಲಿಲ್ಲ. ಏಳೂವರೆ ಗಂಟೆ ಕೂರಬೇಕು, ಅಂಕ 472ರಿಂದ 528. ಸೀಟು ಸಿಕ್ಕವರ ಸರಾಸರಿ 512ರ ಹತ್ತಿರ, ಜಿಪಿಎ 3.8ರ ಹತ್ತಿರ. ವರ್ಷಕ್ಕೆ 50,000ಕ್ಕೂ ಜಾಸ್ತಿ ಜನ ಅರ್ಜಿ ಹಾಕಿ ಸುಮಾರು 23,000 ಜನ ಒಳಗೆ ಹೋಗುತ್ತಾರೆ. ಸೈನ್ಸ್ ಬಿಟ್ಟು ನಾಲ್ಕನೇ ಒಂದು ಭಾಗ ಬರೀ ಇಂಗ್ಲಿಷ್ ಪ್ಯಾಸೇಜ್ ಓದಿ ಉತ್ತರಿಸೋದು. ನಮ್ಮ ಕಡೆಯಿಂದ ಬಂದವರಿಗೆ ಕಷ್ಟ ಆಗೋದು ಅದೇ, ಇವತ್ತಿನಿಂದಲೇ ದಿನಾ ಓದೋ ಅಭ್ಯಾಸ ಮಾಡಿಕೊಳ್ಳಲಿ.

ಶಿರಾಗೇಟ್_ಲೆಕ್ಕ

ದುಡ್ಡಿನ ಬಗ್ಗೆ ಎರಡು ಮಾತು, ತುಮಕೂರಿನಲ್ಲಿ ತೆರಿಗೆ ಲೆಕ್ಕ ನೋಡುವ ಕೆಲಸ ನನ್ನದು. ತಂದೆ ಮಗಳಿಗೆ ದುಡ್ಡು ಕಳಿಸಬಹುದು, ಎಲ್‌ಆರ್‌ಎಸ್ ಅಂತ ಹೊರದೇಶಕ್ಕೆ ಹಣ ಕಳಿಸುವ ರಿಸರ್ವ್ ಬ್ಯಾಂಕ್ ಯೋಜನೆಯಲ್ಲಿ ಒಬ್ಬರು ವರ್ಷಕ್ಕೆ 2,50,000 ಡಾಲರ್ ತನಕ. ಆದರೆ ವರ್ಷಕ್ಕೆ 10 ಲಕ್ಷ ದಾಟಿದ ಮೊತ್ತದ ಮೇಲೆ ಬ್ಯಾಂಕು ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡಿಯುತ್ತೆ. ಉಡುಗೊರೆ ಅಂತ ಕಳಿಸಿದರೆ ಶೇ. 20, ಓದಿಗೆ ಅಂತ ದಾಖಲೆ ಕೊಟ್ಟರೆ ದರ ಕಡಿಮೆ. 40 ಲಕ್ಷ ಉಡುಗೊರೆ ಅಂತ ಕಳಿಸಿದರೆ 6 ಲಕ್ಷ ಅಲ್ಲೇ ನಿಂತಿತು. ಅದು ರಿಟರ್ನ್ಸ್ ಹಾಕಿದರೆ ವಾಪಸ್ ಬರುತ್ತೆ. ತೋಟದ ಆದಾಯಕ್ಕೆ ತೆರಿಗೆ ಇಲ್ಲ ಅಂತ ನಮ್ಮ ರೈತರು ಎಷ್ಟೋ ಜನ ರಿಟರ್ನ್ಸೇ ಹಾಕಲ್ಲ, ಹಾಗೆ ಬಿಟ್ಟರೆ ಬರಲ್ಲ.

ಇನ್ನು ಬೆಳೆ ಸಾಲ ತೆಗೆದು ಇದಕ್ಕೆ ಕಳಿಸೋ ಯೋಚನೆ ಇದ್ದರೆ ಬಿಟ್ಟುಬಿಡಿ, ಅದು ಕೃಷಿಗೆ ಅಂತ ಕೊಡುವ ಸಾಲ. ಜಮೀನು ಅಡ ಇಟ್ಟು ಬೇರೆ ಕಡೆ ತೆಗೆದರೆ ಬಡ್ಡಿ ಜಾಸ್ತಿ. ತೆಂಗಿನ ರೇಟು ಒಂದು ವರ್ಷ ಇದ್ದ ಹಾಗೆ ಇನ್ನೊಂದು ವರ್ಷ ಇರಲ್ಲ, ಕಂತು ಮಾತ್ರ ಪ್ರತಿ ತಿಂಗಳೂ ಬರುತ್ತೆ.

ಗುಬ್ಬಿ_ತೋಟ

ಎಲ್ಲರಿಗೂ ತುಂಬಾ ಧನ್ಯವಾದ. ನಿಮ್ಮ ಉತ್ತರಗಳನ್ನೆಲ್ಲ ತಂಗಿಗೆ ಕಳಿಸಿದೆ, ನಿನ್ನೆ ರಾತ್ರಿ ಅವಳೂ ಗಂಡನೂ ಫೋನಿನಲ್ಲಿ ಕೂತು ಮಾತಾಡಿದರು. ಆ ಪ್ರೋಗ್ರಾಂನವರಿಗೆ ಅವಳು ನೇರವಾಗಿ ಕೇಳಿದಳಂತೆ, ಹೊರದೇಶದ 3 ವರ್ಷದ ಡಿಗ್ರಿ ಇಟ್ಟುಕೊಂಡು ಬಂದವರು ನಿಮ್ಮಲ್ಲಿ ಓದಿ ಎಷ್ಟು ಜನ ಮೆಡಿಕಲ್ ಸೇರಿದ್ದಾರೆ ಅಂತ. ಅದಕ್ಕೆ ಉತ್ತರ ಬರಲಿಲ್ಲ, ಡೆಪಾಸಿಟ್ ತಾರೀಖು ನೆನಪಿಸಿ ಇನ್ನೊಂದು ಮೇಲ್ ಬಂತು. ಡೆಪಾಸಿಟ್ ಕಟ್ಟಲ್ಲ ಅಂತ ಅಲ್ಲಿಗೆ ತೀರ್ಮಾನ ಆಯ್ತು.

ಚಿಂತಾಮಣಿ ಅಕ್ಕ ಕೇಳಿದ ಪ್ರಶ್ನೆಯನ್ನು ಹಾಗೇ ಕೇಳಿದೆ. "ತೀರ್ಮಾನ ನನ್ನದೇ ಆಗಬೇಕು ಅಣ್ಣ, ಅದಕ್ಕೇ ಇಷ್ಟು ಒದ್ದಾಡ್ತಿರೋದು" ಅಂದಳು. ಹಾಗಾಗಿ ಮೆಡಿಕಲ್ಲೇ. ಅಪ್ಪನಿಗೆ ಮಾತ್ರ ಸ್ವಲ್ಪ ಬೇಜಾರಾಗಿದೆ, ಈ ಸಲವೂ ನನ್ನಿಂದ ಏನೂ ಆಗಲಿಲ್ಲ ಅನ್ನೋ ಥರ ಕೂತಿದ್ದಾರೆ. ಅವರಿಗೆ ಏನು ಹೇಳೋದು ಗೊತ್ತಾಗುತ್ತಿಲ್ಲ. ಇನ್ನೊಂದು, ಎಲ್ಲಿಂದ ಶುರು ಮಾಡಬೇಕು ಅಂತ ಮುಳಬಾಗಿಲು ಅವರು ಹೇಳಿದರೆ ಉಪಕಾರ ಆಗುತ್ತೆ.

ಮುಳಬಾಗಿಲು_ಮಗಳು

ಅಪ್ಪನಿಗೆ ಹೀಗೆ ಹೇಳಿ. ದುಡ್ಡು ಜಾಸ್ತಿ ಬೇಕಾಗೋದು ಈಗಲ್ಲ, ಮುಂದೆ. ಟೆಕ್ಸಾಸ್ ನಿವಾಸಿಯಾಗಿ ಇಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಸಿಕ್ಕರೆ ಫೀಸು ವರ್ಷಕ್ಕೆ 20,000 ಡಾಲರ್ ಆಸುಪಾಸು, ಆ ಕಾಲೇಜುಗಳಲ್ಲಿ ನೂರಕ್ಕೆ 90 ಸೀಟು ಇಲ್ಲಿನ ನಿವಾಸಿಗಳಿಗೇ ಇಡಬೇಕು ಅಂತ ನಿಯಮ ಇದೆ. ಇದೊಂದೇ ಕಾರಣಕ್ಕೆ ಅವಳು ರಾಜ್ಯ ಬಿಟ್ಟು ಹೋಗಬಾರದು. ಬೇರೆ ಕಡೆ ಪ್ರೈವೇಟ್ ಆದರೆ ಫೀಸೇ 60,000 ದಾಟುತ್ತೆ. ಗ್ರೀನ್ ಕಾರ್ಡ್ ಇರೋದರಿಂದ ಫೆಡರಲ್ ಸಾಲ ಸಿಗುತ್ತೆ, ಆದರೆ 2026ರ ಜುಲೈ 1ರಿಂದ ಹೊಸಬರಿಗೆ, ಓದಿನ ಪೂರ್ತಿ ಖರ್ಚಿಗೂ ಸಿಗುತ್ತಿದ್ದ ಗ್ರ್ಯಾಡ್ ಪ್ಲಸ್ ಸಾಲ ಇಲ್ಲ, ಮೆಡಿಕಲ್ ಓದಿಗೆ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್ ಮಿತಿ. ಊಟ, ಬಾಡಿಗೆ, ಮಗುವಿನ ಖರ್ಚು ಎಲ್ಲ ಸೇರಿದಾಗ ಆ ಮಿತಿ ಸಾಲದೆ ಬಂದರೆ ಆಗ ಅಪ್ಪ ಕೊಡುವ ಸ್ವಲ್ಪ ದುಡ್ಡಿಗೂ ಬೆಲೆ ಇರುತ್ತೆ. ತೋಟ ಅಲ್ಲಿಯವರೆಗೂ ಸಾಲ ಇಲ್ಲದೆ ಇರಲಿ. ಆಮೇಲೆ, ಅಪ್ಪ ಅಮ್ಮನಲ್ಲಿ ಯಾರಾದರೂ ಆರ್ಗ್ಯಾನಿಕ್ ಓದುವ ವರ್ಷ ಆರು ತಿಂಗಳು ಬಂದು ಮಗು ನೋಡಿಕೊಂಡರೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ. ನನ್ನ ಅತ್ತೆ ಬಂದಿದ್ದರು, ಅದಕ್ಕೇ ನಾನು ಇವತ್ತು ಇಲ್ಲಿದ್ದೇನೆ.

ಶುರು ಹೀಗೆ. ಬಿ.ಎಸ್ಸಿ ಮಾರ್ಕ್ಸ್ ಕಾರ್ಡಿನ ಕೋರ್ಸ್-ಬೈ-ಕೋರ್ಸ್ ಮೌಲ್ಯಮಾಪನ (ಒಂದೊಂದು ವಿಷಯ ಇಲ್ಲಿನ ಎಷ್ಟು ಕ್ರೆಡಿಟ್‌ಗೆ ಸಮ ಅಂತ) ಮಾಡಿಸಬೇಕು, ಅದಕ್ಕೆ ತುಮಕೂರು ವಿವಿಯಿಂದ ಟ್ರಾನ್ಸ್‌ಕ್ರಿಪ್ಟ್ ಬೇಕಾಗುತ್ತೆ, ಆ ಓಡಾಟ ನೀವು ಮಾಡಿ. ಅದನ್ನು ಇಟ್ಟುಕೊಂಡು ಹತ್ತಿರದ ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಎರಡನೇ ಬ್ಯಾಚುಲರ್‌ಗೆ ಎಷ್ಟು ಕ್ರೆಡಿಟ್ ಒಪ್ಪುತ್ತಾರೆ ಅಂತ ಬರಹದಲ್ಲಿ ಕೇಳಲಿ. ಮೆಡಿಕಲ್ ಕಾಲೇಜುಗಳ ಅಡ್ಮಿಷನ್ ಆಫೀಸಿಗೂ ಮೇಲ್ ಹಾಕಲಿ, ಹಾಗೆ ಒಪ್ಪಿದ ಹಳೆಯ ಕ್ರೆಡಿಟ್ಟು ನಿಮ್ಮ 90ರಲ್ಲಿ ಸೇರುತ್ತಾ ಇಲ್ವಾ ಅಂತ. ಅವರ ಉತ್ತರ ಬಂದ ಮೇಲೆ ಒಟ್ಟು ಎಷ್ಟು ವರ್ಷ ಅಂತ ನಿಖರವಾಗಿ ಗೊತ್ತಾಗುತ್ತೆ. ಅದಕ್ಕೆ ಕಾಯದೆ ಕಮ್ಯುನಿಟಿ ಕಾಲೇಜಿನಲ್ಲಿ ಆಗಸ್ಟ್ ಸೆಮಿಸ್ಟರಿಗೆ ಎರಡು ಕ್ಲಾಸು ಹಿಡಿಯಲಿ, ಜನರಲ್ ಕೆಮಿಸ್ಟ್ರಿ ಮೊದಲು. ಅದು ಮುಗಿಯದೆ ಆರ್ಗ್ಯಾನಿಕ್‌ಗೆ ಬಿಡಲ್ಲ, ಅದರ ಸಂಜೆ ಲ್ಯಾಬುಗಳು ರಿಜಿಸ್ಟ್ರೇಷನ್ ತೆರೆದ ಕೂಡಲೇ ತುಂಬಿಬಿಡುತ್ತವೆ. ಒಂದು ಸೆಮಿಸ್ಟರ್ ಕೆಲಸ, ಮನೆ, ಕ್ಲಾಸು ಮೂರನ್ನೂ ನಡೆಸಿ ಎ ತೆಗೆದರೆ ಮುಂದಿನದನ್ನು ಧೈರ್ಯವಾಗಿ ಕಟ್ಟಬಹುದು. ತಂಗಿಗೆ ಏನಾದರೂ ಕೇಳಬೇಕು ಅನ್ನಿಸಿದರೆ ಇಲ್ಲೇ ಬರೆಯೋಕೆ ಹೇಳಿ, ಪರೀಕ್ಷೆ ಇಲ್ಲದ ವಾರ ನಾನು ನೋಡುತ್ತಿರುತ್ತೇನೆ.